ಇಲ್ಲಿ ಅಂಥವರು ಯಾರೂ ಇಲ್ಲ

ಹೊನವಾಡ
೪ ಆಗಸ್ಟ್ ೧೯೭೧

ಪರಸವ್ವಾ,

ಈ ಕಾಗದವನ್ನು ಓದುವ ಮೊದಲು ಅರ್ಧ ತಾಸು ಬಿಸಿಲಿಗೆ ಇಡು. ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಇಲ್ಲಿ ನನ್ನ ತಮ್ಮ ಧೂಳಪ್ಪನ ಹೆಂಡತಿ ಸಕ್ರವ್ವ ನಾನು ಮುಟ್ಟಿದ್ದನ್ನೆಲ್ಲ ಬಿಸಿಲಿಗೆ ಇಡುತ್ತಾಳೆ. ಸಾಧ್ಯವಿದ್ದರೆ ನನ್ನನ್ನೂ ಮಾಳಿಗೆಯ ಮೇಲೆ ಹರವುತ್ತಿದ್ದಳು.

ಬಂದು ಇಪ್ಪತ್ತು ದಿನವಾಯಿತು. ಜ್ವರ ಸಂಜೆಗೆ ಮಾತ್ರ ಬರುತ್ತದೆ. ತಿಕೋಟಾದ ದವಾಖಾನೆಯ ಕಂಪೌಂಡರ್ ಸೈಫುದ್ದೀನ ದಿನ ಬಿಟ್ಟು ದಿನ ಸೈಕಲ್ ಮೇಲೆ ಬಂದು ಸೂಜಿ ಚುಚ್ಚಿ ಹೋಗುತ್ತಾನೆ. ಕ್ಷಯ ಎಂಬ ಶಬ್ದವನ್ನು ಈ ಮನೆಯಲ್ಲಿ ಯಾರೂ ಆಡುವುದಿಲ್ಲ, ಕೆಮ್ಮು ಅನ್ನುತ್ತಾರೆ. ಹಾಲು ಕುಡಿಯಬೇಕಂತೆ, ಮಲಗಬೇಕಂತೆ, ಗಟ್ಟಿಯಾಗಿ ಮಾತನಾಡಬಾರದಂತೆ. ಈ ಕೊನೆಯದು ನನ್ನಂಥವಳಿಗೆ ಎಂಥ ಶಿಕ್ಷೆ ಎಂದು ನಿನಗೆ ಗೊತ್ತು.

ನಮ್ಮ ಸಾಲೆಯ ಶಂಕರೆಪ್ಪ ಮಾಸ್ತರರು ಬರೆದಿದ್ದಾರೆ, ನಾನು ಬರುವ ತನಕ ನಮ್ಮ ನಿರಾಶ್ರಿತರ ವೇದಿಕೆಯನ್ನು ನೀನು ನಡೆಸುತ್ತೀಯಂತೆ. ನಡೆಸು. ನನಗೆ ಸಂತೋಷವೇ. ಆದರೂ ಒಂದು ಮಾತು. ಪೂರ್ವ ಬಂಗಾಲದ ಜನ ಗಡಿ ದಾಟಿ ಬರುತ್ತಿರುವ ಸುದ್ದಿ ಓದಿ, ಹಳೆ ಬಟ್ಟೆ ಕೂಡಿಸಿ ಕಳಿಸಿದರೆ ಸಾಲದು, ಊರ ಜನ ಒಂದೆಡೆ ಕೂತು ಮನಸ್ಸಿನಲ್ಲಿದ್ದದ್ದನ್ನು ಕೇಳಬೇಕು, ಮಾತನಾಡಬೇಕು ಎಂದು ಮಾಸ್ತರರ ಬೆನ್ನು ಹತ್ತಿದವಳು ನಾನು. ವಿಜಾಪುರದಲ್ಲಿ ಸೊಲ್ಲಾಪುರ ರಸ್ತೆಯ ವಾಚನಾಲಯದವರನ್ನು ಒಪ್ಪಿಸಿ ಕೀಲಿಕೈ ತಂದವಳೂ ನಾನು. ಎರಡು ಸಭೆ ನಡೆಸಿದೆ. ಮೂರನೆಯ ಸಭೆಯ ಹಿಂದಿನ ದಿನ ಸಾಲೆಯಲ್ಲಿ ಕೆಮ್ಮಿದಾಗ ಸೆರಗಿನಲ್ಲಿ ರಕ್ತ ಕಂಡಿತು. ಇಲ್ಲದಿದ್ದರೆ ನಿನಗೆ ಈ ಕಷ್ಟ ಬರುತ್ತಿರಲಿಲ್ಲ.

ಪ್ರಶ್ನೆಯ ಪೆಟ್ಟಿಗೆಯನ್ನು ಬಾಗಿಲ ಹತ್ತಿರವೇ ಇಡು. ಎದ್ದು ನಿಂತು ಕೇಳಲು ನಾಚುವವರು ಚೀಟಿ ಹಾಕುತ್ತಾರೆ. ಚೀಟಿಗಳನ್ನು ನನಗೆ ಕಳಿಸು. ಗಟ್ಟಿಯಾಗಿ ಮಾತನಾಡಬಾರದು ಅಂದಿದ್ದಾರೆ, ಬರೆಯಬಾರದು ಅಂದಿಲ್ಲ.

ಸಕ್ರವ್ವ ನನ್ನ ಗಂಗಾಳ ತಂಬಿಗೆ ಬೇರೆ ಇಟ್ಟಿದ್ದಾಳೆ. ನೀರನ್ನು ಮೇಲಿಂದ ಹುಯ್ಯುತ್ತಾಳೆ. ಅದು ಹೇಗಿರುತ್ತದೆ ಎಂಬುದು ಅನುಭವಿಸಿದವರಿಗೇ ಗೊತ್ತು. ನಿನಗೆ ಹೇಳಿದರೆ ತಿಳಿಯಲಿಕ್ಕಿಲ್ಲ.

ನಿನ್ನ
ಮಲಕವ್ವ


ಬಬಲೇಶ್ವರ
೧೬ ಆಗಸ್ಟ್ ೧೯೭೧

ಮಲಕವ್ವಕ್ಕಾ,

ಕಾಗದವನ್ನು ಬಿಸಿಲಿಗೆ ಇಡಲಿಲ್ಲ. ವಿಜಾಪುರದ ಸಾಲೆಯಿಂದ ಊರಿಗೆ ಬರುವಾಗ ಬಸ್ಸಿನಲ್ಲಿಯೇ ಒಡೆದು ಓದಿದೆ.

ನಿನ್ನೆ ಸಭೆ ಆಯಿತು. ಬೆಳಿಗ್ಗೆ ಝೆಂಡಾ ಏರಿಸಿದ ಜನ ಹಾಗೆಯೇ ಬಂದರು, ಅರವತ್ತು ಮಂದಿ ಇದ್ದರು. ನಾನು ಮೇಜಿಗೆ ಆತು ನಿಂತೆ. ಚೀಟಿಗಳನ್ನು ಇದರೊಂದಿಗೆ ಇಟ್ಟಿದ್ದೇನೆ. ಬಂದವರು ತಿರುಗಿ ಹೋಗದೆ ಇಲ್ಲೇ ಉಳಿದರೆ ಏನು ಗತಿ ಎಂದು ನಾಲ್ಕು ಜನ ಕೇಳಿದ್ದಾರೆ. ನಮ್ಮಲ್ಲೇ ಉಪವಾಸ ಇರುವವರ ಸಲುವಾಗಿ ವೇದಿಕೆ ಯಾವಾಗ ಎಂದು ಒಬ್ಬರು. ಎಪ್ಪತ್ತು ಲಕ್ಷ ಜನ ಅಂತ ಎಣಿಸಿದವರು ಯಾರು ಎಂದು ಇನ್ನೊಬ್ಬರು. ನೀನು ಉತ್ತರ ಬರೆದು ಕಳಿಸು, ನಾನು ಓದುತ್ತೇನೆ. ನಿನ್ನ ಹಾಗೆ ನಿಂತ ನಿಲುವಿನಲ್ಲಿ ಹೇಳಲು ನನಗೆ ಬಾರದು.

ನಿನ್ನ ಮೂರನೆಯ ಇಯತ್ತೆಯನ್ನು ನನಗೆ ಕೊಟ್ಟಿದ್ದಾರೆ. ಹುಡುಗಿಯರು ನಿನ್ನನ್ನು ನೆನೆಸುತ್ತಾರೆ. ಅವ್ವನೂ ಕೇಳಿದ್ದಾಳೆ.

ಪರಸವ್ವ


ಹೊನವಾಡ
೨೯ ಆಗಸ್ಟ್ ೧೯೭೧

ಪರಸವ್ವಾ,

ಉತ್ತರಗಳು ಹನ್ನೊಂದು ಪುಟ ಆಗಿವೆ. ಮಲಗಿಕೊಂಡು ಬರೆದದ್ದರಿಂದ ಅಕ್ಷರ ಇಳಿಜಾರಾಗಿವೆ. ಧೂಳಪ್ಪ ವಾರಕ್ಕೊಮ್ಮೆ ಹಳೆ ಪೇಪರುಗಳ ಕಟ್ಟು ತಂದುಕೊಡುತ್ತಾನೆ, ಎಲ್ಲವನ್ನೂ ಓದಿ ಬರೆದಿದ್ದೇನೆ. ‘ನಮ್ಮಲ್ಲೇ ಉಪವಾಸ ಇರುವವರು’ ಎಂಬುದಕ್ಕೆ ಬರೆದ ಉತ್ತರವನ್ನು ನಿಧಾನ ಓದು. ಅರ್ಧಕ್ಕೆ ನಿಲ್ಲಿಸಿ ಜನರ ಮುಖ ನೋಡು, ಆಮೇಲೆ ಮುಂದಿನದನ್ನು ಓದು. ನಾನಾಗಿದ್ದರೆ ಹಾಗೆ ಮಾಡುತ್ತಿದ್ದೆ.

ಇದನ್ನು ಬರೆದವರು ಯಾರು ಎಂದು ಸಭೆಯಲ್ಲಿ ಹೇಳುವ ಅಗತ್ಯವಿಲ್ಲ. ಹೇಳಿದರೆ ಅಡ್ಡಿಯೂ ಇಲ್ಲ.

ಹುಡುಗಿಯರು ನೆನೆಸುತ್ತಾರೆ ಎಂದು ಬರೆದಿದ್ದೀ. ಯಾರು ಯಾರು ಎಂದು ಬರೆಯಲಿಲ್ಲ. ನಾನು ಮಲಗಿದಲ್ಲೇ ಹಾಜರಿ ತೆಗೆದುಕೊಂಡೆ, ಮೂವತ್ತೆಂಟು ಹೆಸರೂ ಬಂದವು. ನಿನ್ನ ಹೆಸರನ್ನೂ ಅವರು ಇಷ್ಟರಲ್ಲಿ ಕಲಿತಿರಬೇಕು. ‘ಪರಸವ್ವಕ್ಕೋರು’ ಅನ್ನಲು ಬಾಯಿಗೂ ಸುಲಭ.

ತೂಕ ಒಂದು ಪೌಂಡು ಹೆಚ್ಚಾಗಿದೆ.

ಮಲಕವ್ವ


ಬಬಲೇಶ್ವರ
೨೦ ಸೆಪ್ಟೆಂಬರ್ ೧೯೭೧

ಮಲಕವ್ವಕ್ಕಾ,

ನಿನ್ನೆ ನಿನ್ನ ಉತ್ತರಗಳನ್ನು ಓದಿದೆ, ನೀನು ಹೇಳಿದಲ್ಲಿ ನಿಲ್ಲಿಸಿಯೇ ಓದಿದೆ. ನಿನ್ನ ಹೆಸರು ಹೇಳಿದಾಗ ಚಪ್ಪಾಳೆ ಬಿತ್ತು. ನೂರಕ್ಕೂ ಹೆಚ್ಚು ಜನ ಇದ್ದರು, ಕಿಟಕಿಯ ಹೊರಗೂ ನಿಂತಿದ್ದರು.

ಆದರೆ ಕೊನೆಯಲ್ಲಿ ಒಬ್ಬರು ಎದ್ದರು. ಅರಿವೆ ಅಂಗಡಿಯವರಂತೆ. ಕುಹಕದ ಮನುಷ್ಯರಲ್ಲ, ತಿಳಿಯಬೇಕೆಂದೇ ಕೇಳಿದರು. ‘ಅಕ್ಕೋರ, ಇದನ್ನೆಲ್ಲಾ ನಾವೂ ಪೇಪರದಾಗ ಓದೇವ್ರಿ. ಮನಿ ಬಿಟ್ಟು ಓಡಿ ಬಂದವರನ್ನ ಇಲ್ಲಿ ಕುಂತವರೊಳಗ ಯಾರರ ಕಂಡೀರೇನು?’ ಎಲ್ಲರೂ ನನ್ನನ್ನೇ ನೋಡಿದರು. ನಾನು ನಿನ್ನ ಪುಟಗಳನ್ನು ಮಡಚಿದೆ. ಶಂಕರೆಪ್ಪ ಮಾಸ್ತರರು ವಂದನಾರ್ಪಣೆ ಮಾಡಿ ಸಭೆ ಮುಗಿಸಿದರು.

ಬರೆದದ್ದನ್ನು ಎಷ್ಟು ಓದಿದರೂ ಇನ್ನು ಸಾಲದು ಅಕ್ಕಾ. ಜನರಿಗೆ ಒಂದು ಮುಖ ಬೇಕಾಗಿದೆ. ನಲವತ್ತೆಂಟರ ಗದ್ದಲದಲ್ಲಿ ಮೊಗಲಾಯಿಯಿಂದ, ಅಂದರೆ ನಿಜಾಮನ ಸೀಮೆಯಿಂದ, ಎಷ್ಟೋ ಜನ ಮನೆ ಮಠ ಬಿಟ್ಟು ನಮ್ಮ ಜಿಲ್ಲೆಗೆ ಬಂದರಲ್ಲ. ಹೊನವಾಡ, ತಿಕೋಟಾದ ಕಡೆ ಅಂಥವರು ಯಾರಾದರೂ ಇದ್ದಾರೆಯೇ? ಸೈಫುದ್ದೀನನನ್ನು ಕೇಳು, ಹತ್ತೂರು ತಿರುಗುವವನು. ಒಬ್ಬರು ಸಿಕ್ಕರೂ ಸಾಕು. ಇಷ್ಟೊಂದು ಒತ್ತಿ ನಾನು ನಿನ್ನನ್ನು ಏನನ್ನೂ ಕೇಳಿದವಳಲ್ಲ. ಯಾರೂ ಸಿಗದಿದ್ದರೆ ಏನು ಮಾಡಬೇಕಾಗುತ್ತದೆಯೋ ಎಂದು ನನಗೆ ಹೆದರಿಕೆ.

ಪರಸವ್ವ


ಹೊನವಾಡ
೧ ಅಕ್ಟೋಬರ್ ೧೯೭೧

ಪರಸವ್ವಾ,

ಕೇಳಿದೆ. ಇಲ್ಲಿ ಅಂಥವರು ಯಾರೂ ಇಲ್ಲ.

ಸಭೆಯ ವರದಿಯನ್ನು ಪೇಪರಿನಲ್ಲಿ ಓದಿದೆ. ‘ಕುಮಾರಿ ಪರಸವ್ವನವರ ನೇತೃತ್ವದಲ್ಲಿ’ ಎಂದಿದೆ. ‘ಮನಮುಟ್ಟುವ ವಿವರಣೆ ನೀಡಿದರು’ ಎಂದೂ ಇದೆ. ವಿವರಣೆಯ ಒಂದು ಸಾಲನ್ನೂ ಹಾಕಿದ್ದಾರೆ. ಅದನ್ನು ನಾನು ಆಗಸ್ಟ್ ಇಪ್ಪತ್ತೈದರಂದು ನೂರಾಒಂದು ಡಿಗ್ರಿ ಜ್ವರದಲ್ಲಿ ಬರೆದೆ. ನನ್ನ ಹೆಸರನ್ನು ಬಹಳ ಹುಡುಕಿದೆ. ಕೊನೆಯ ಸಾಲಿನಲ್ಲಿ ‘ಮತ್ತಿತರರು’ ಎಂಬಲ್ಲಿ ಇರಬೇಕು.

ನೀನು ಮೇಜಿಗೆ ಆತು ನಿಲ್ಲುವುದನ್ನು ಬಿಟ್ಟಿರಬೇಕು ಈಗ.

ಆ ಅರಿವೆ ಅಂಗಡಿಯವರಿಗೆ ಅವಸರವೇನಿದೆ? ಜನವರಿಯಲ್ಲಿ ನಾನು ಬರುತ್ತೇನೆ, ಬಂದು ಉತ್ತರ ಹೇಳುತ್ತೇನೆ. ಅಲ್ಲಿಯ ತನಕ ಬಟ್ಟೆ ಕೂಡಿಸುವುದು, ಪತ್ರಿಕೆ ಓದುವುದು ಇಷ್ಟು ನಡೆಸಿದರೆ ಸಾಕು.

ಮಲಕವ್ವ


ಹೊನವಾಡ
೨೪ ಅಕ್ಟೋಬರ್ ೧೯೭೧

ಪರಸವ್ವಾ,

ಮೂರು ವಾರ ನಿನ್ನ ಕಾಗದವಿಲ್ಲ. ಇವತ್ತು ಸೈಫುದ್ದೀನ ಪೇಪರು ತಂದುಕೊಟ್ಟ. ‘ನಿಮ್ಮ ಗೆಳತಿ ಭಾಳ ಧೈರ್ಯದಾಕಿ ಅದಾಳ್ರಿ’ ಅಂದ. ಏನು ಎತ್ತ ಎಂದು ಅರಿಯದೆ ಓದಿದೆ.

ಹದಿನೇಳರ ಸಭೆಯಲ್ಲಿ ನೀನು ಕೈಯಲ್ಲಿ ಕಾಗದವಿಲ್ಲದೆ ನಿಂತೆಯಂತೆ. ‘ಓಡಿ ಬಂದವರನ್ನು ಕಂಡಿದ್ದೀರಾ ಎಂದು ಕೇಳಿದ್ದಿರಿ, ನನ್ನನ್ನು ನೋಡಿರಿ’ ಎಂದೆಯಂತೆ. ಐದು ವರ್ಷದವಳಿದ್ದಾಗ, ರಜಾಕಾರರ ಹಾವಳಿಯಲ್ಲಿ, ತುಂಬಿದ ಭೀಮೆಯನ್ನು ಹರಿಗೋಲಿನಲ್ಲಿ ದಾಟಿ ಬಂದೆಯಂತೆ. ‘ನನ್ನ ತಂದೆ ಹೊಳೆ ದಾಟಲಿಲ್ಲ’ ಎಂದೆಯಂತೆ. ಜನ ಅತ್ತರಂತೆ.

ಏಳು ವರ್ಷ ಪರಸವ್ವಾ. ಟ್ರೇನಿಂಗ್ ಕಾಲೇಜಿನಲ್ಲಿ ಒಂದೇ ಬೆಂಚು, ಆಮೇಲೆ ಒಂದೇ ಸಾಲೆ. ನಿನ್ನ ತಂದೆ ಸೊಲ್ಲಾಪುರದ ಗಿರಣಿಯಲ್ಲಿದ್ದಾನೆ ಎಂದು ನೀನು ನನಗೆ ಹೇಳಿದ್ದೆ. ದೀಪಾವಳಿಗೆ ಬಂದನೇ ಎಂದು ಪ್ರತಿ ವರ್ಷ ನಾನು ಕೇಳುತ್ತಿದ್ದೆ, ರಜೆ ಸಿಗಲಿಲ್ಲ ಎಂದು ನೀನು ಅನ್ನುತ್ತಿದ್ದೆ. ನನಗೆ ಹೇಳದ್ದನ್ನು ಇನ್ನೂರು ಜನಕ್ಕೆ ಹೇಳಿದೆ. ಗುರುತಿಲ್ಲದ ಅರಿವೆ ಅಂಗಡಿಯವನಿಗೆ ಹೇಳಿದೆ. ನಾನು ಯಾರಾಗಿದ್ದೆ ನಿನಗೆ?

ಅಥವಾ ಇದನ್ನೂ ಸಭೆಗೆಂದೇ ಕೂಡಿಸಿ ಇಟ್ಟಿದ್ದೆಯೋ?

ಮಲಕವ್ವ


ಬಬಲೇಶ್ವರ
೭ ನವೆಂಬರ್ ೧೯೭೧

ಮಲಕವ್ವಾ,

ನಿನ್ನ ಕೊನೆಯ ಸಾಲನ್ನು ಓದಿ ಈ ಕಾಗದ ಬರೆಯಬಾರದು ಎಂದುಕೊಂಡಿದ್ದೆ. ಎರಡು ವಾರ ಬರೆಯಲಿಲ್ಲ.

ನಾನು ಅದನ್ನು ಕೂಡಿಸಿ ಇಟ್ಟಿರಲಿಲ್ಲ. ಬೇರೆ ಯಾರಾದರೂ ಸಿಕ್ಕರೆ ನಾನು ಉಳಿಯುತ್ತೇನೆ ಎಂದು ನಿನ್ನನ್ನು ಕೇಳಿದೆ. ಇಲ್ಲಿ ಅಂಥವರು ಯಾರೂ ಇಲ್ಲ ಎಂದು ನೀನು ಬರೆದೆ. ಹದಿನೇಳನೆಯ ತಾರೀಖಿಗೆ ಆ ಮನುಷ್ಯರು ಮೊದಲ ಸಾಲಿನಲ್ಲಿಯೇ ಬಂದು ಕೂತಿದ್ದರು. ಅವರು ಮತ್ತೆ ಕೇಳಲಿಲ್ಲ. ಸುಮ್ಮನೆ ನನ್ನನ್ನು ನೋಡುತ್ತಿದ್ದರು. ಬಂದವರೆಲ್ಲ ಸುಳ್ಳು, ಪೇಪರಿನವರ ಕಟ್ಟುಕತೆ ಎಂದು ಹಿಂದಿನಿಂದ ಯಾರೋ ಅಂದರು. ಆಗ ಬಾಯಿ ತೆರೆದೆ.

ಪೇಪರಿನವರು ಎಲ್ಲವನ್ನೂ ಹಾಕಲಿಲ್ಲ. ದಂಡೆಯಲ್ಲಿ ಊರಿಗೆ ಊರೇ ನಿಂತಿತ್ತು. ನಮ್ಮ ಕೇರಿಯವರ ಪಾಳಿ ಕೊನೆಗೆ ಬಂತು. ಹರಿಗೋಲಿನಲ್ಲಿ ಹೆಂಗಸರನ್ನೂ ಮಕ್ಕಳನ್ನೂ ಕೂಡಿಸಿ ಅಪ್ಪ ಮುಂದಿನ ಪಾಳಿಗೆ ಬರುತ್ತೇನೆ ಅಂದ. ಮುಂದಿನ ಪಾಳಿ ಆಗಲೇ ಇಲ್ಲ. ಈಚೆ ದಂಡೆಯ ನಿರಾಶ್ರಿತರ ಛಾವಣಿಯಲ್ಲಿ ನಮಗೆ ಗಂಜಿ ಕೊಟ್ಟರು, ಇಲ್ಲ ಅನ್ನಬಾರದು. ಆದರೆ ನೀರಿನ ಹಂಡೆ ಮುಟ್ಟಗೊಡಲಿಲ್ಲ. ಮನೆ ಕಳೆದುಕೊಂಡವರಲ್ಲಿಯೂ ನಾವು ಹೊರಗಿನವರು. ಅದನ್ನೂ ಸಭೆಯಲ್ಲಿ ಹೇಳಿದೆ. ವೇದಿಕೆಯ ಸಮಿತಿಯ ಇಬ್ಬರು ಎದ್ದು ಹೋದರು, ಮತ್ತೆ ಬಂದಿಲ್ಲ.

ನಿನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದ್ದೀ. ಟ್ರೇನಿಂಗಿನ ಎರಡನೆಯ ವರ್ಷ ನೀನು ನನ್ನನ್ನು ನಿಮ್ಮ ಮನೆಗೆ ಕರೆದೊಯ್ದಿದ್ದೆ. ನಿಮ್ಮ ಅವ್ವ ನನ್ನನ್ನು ಕಟ್ಟೆಯ ಕೆಳಗೆ ನಿಲ್ಲಿಸಿ ಬೊಗಸೆಗೆ ಮೇಲಿಂದ ನೀರು ಹುಯ್ದರು. ನೀನು ಪಕ್ಕದಲ್ಲಿಯೇ ಇದ್ದೆ. ಸುಮ್ಮನಿರಲಿಲ್ಲ, ಪರೀಕ್ಷೆಯ ವಿಷಯ ಮಾತನಾಡುತ್ತಲೇ ಇದ್ದೆ, ನಾನು ಕುಡಿದು ಮುಗಿಸುವ ತನಕ. ಸುಮ್ಮನಿದ್ದಿದ್ದರೆ ಒಂದು ದಿನ ನಿನಗೆ ಎಲ್ಲವನ್ನೂ ಹೇಳುತ್ತಿದ್ದೆನೋ ಏನೋ. ನಿನ್ನ ಆಗಸ್ಟಿನ ಕಾಗದದಲ್ಲಿ ‘ನಿನಗೆ ಹೇಳಿದರೆ ತಿಳಿಯಲಿಕ್ಕಿಲ್ಲ’ ಎಂದಿದ್ದೀ. ಆ ಸಾಲನ್ನು ಬಸ್ಸಿನಲ್ಲಿ ಎರಡು ಸಲ ಓದಿದೆ.

ಈಗ ಕೇಳು. ಸೊಲ್ಲಾಪುರದ ಗಿರಣಿಯ ಮಾತು ನನ್ನದಲ್ಲ, ಅವ್ವನದು. ಬಬಲೇಶ್ವರಕ್ಕೆ ಬಂದ ದಿನದಿಂದ ಕೇರಿಯವರಿಗೆಲ್ಲ ಆಕೆ ಹೇಳಿದ್ದು ಒಂದೇ, ಹುಲಿಗೆವ್ವನ ಗಂಡ ಗಿರಣಿಯಲ್ಲಿದ್ದಾನೆ. ಹಣೆಗೆ ಕುಂಕುಮ ಬಿಟ್ಟಿಲ್ಲ, ಕೈಗೆ ಬಳೆ ಬಿಟ್ಟಿಲ್ಲ. ಮನೆಯಲ್ಲಿ ಬುದ್ಧನ ಪಟ ಬಂದ ಮೇಲೂ ಅದು ಬದಲಾಗಲಿಲ್ಲ. ಕೇರಿಯವರು ನಂಬಿದಂತೆ ಇದ್ದರು. ಅದು ಅವರ ದೊಡ್ಡತನ. ಈಗ ಪೇಪರನ್ನು ಚಹದ ಅಂಗಡಿಯಲ್ಲಿ ಗಟ್ಟಿಯಾಗಿ ಓದಿದ್ದಾರೆ. ಇನ್ನು ನಂಬಿದಂತೆ ಇರುವುದು ಹೇಗೆ? ಮಾತನಾಡಿಸಲು ಹೆಂಗಸರು ಬಂದರು. ಒಬ್ಬಳು ಅವ್ವನ ಬಳೆಯನ್ನೇ ನೋಡುತ್ತಿದ್ದಳು.

ಅವರು ಹೋದ ಮೇಲೆ ಅವ್ವ ಒಂದೇ ಮಾತು ಅಂದಳು: ‘ನನ್ನ ಗಂಡನ್ನ ನೀ ಸಭಾದಾಗ ಮಣ್ಣ ಮಾಡಿ ಬಂದಿ.’ ಅಂದಿನಿಂದ ನನ್ನ ಸಂಗಡ ಮಾತಿಲ್ಲ. ರೊಟ್ಟಿ ಬಡಿದು ಮುಚ್ಚಿಟ್ಟು ಹೊರಗೆ ಕೂಡುತ್ತಾಳೆ.

ಪರಸವ್ವ


ಹೊನವಾಡ
೨೨ ನವೆಂಬರ್ ೧೯೭೧

ಪರಸವ್ವಾ,

ಈ ಕಾಗದಕ್ಕೆ ಐದು ಪೈಸೆಯ ಹೊಸ ತಿಕೀಟು ಹಚ್ಚಿದ್ದೇನೆ. ಇನ್ನು ಪ್ರತಿ ಕಾಗದಕ್ಕೂ ನಿರಾಶ್ರಿತರ ಸಹಾಯದ ತಿಕೀಟು ಬೇಕಂತೆ. ಇಂಥ ಕಾಗದಕ್ಕೆ ಅದನ್ನು ಹಚ್ಚುವಾಗ ನನಗೆ ನಾಚಿಕೆಯಾಯಿತು.

ನೀನು ‘ಅಕ್ಕಾ’ ಬಿಟ್ಟದ್ದನ್ನು ನೋಡಿದೆ. ಬಿಟ್ಟದ್ದು ಸರಿ. ನೀರಿನ ಮಾತು ನನಗೂ ನೆನಪಿದೆ. ಆ ದಿನ ನಾನು ಏನೂ ಕಾಣದವಳಂತೆ ಇರಬೇಕೆಂದೇ ಮಾತನಾಡುತ್ತಿದ್ದೆ. ಕಂಡಿದ್ದೆ.

ಅದಕ್ಕಿಂತ ಕೆಟ್ಟದ್ದನ್ನು ಹೇಳಬೇಕಾಗಿದೆ. ಅಕ್ಟೋಬರದಲ್ಲಿ ನಾನು ಬರೆದದ್ದು ಸುಳ್ಳು. ಅಂಥವರು ಇದ್ದರು.

ನಿನ್ನ ಕಾಗದ ಬಂದ ದಿನವೇ ಸೈಫುದ್ದೀನನನ್ನು ಕೇಳಿದೆ. ಅವನ ಹೆಂಡತಿ ನಜಮಾಳ ತಾಯಿ ಮುಮತಾಜ ತಿಕೋಟಾದಲ್ಲಿಯೇ ಇದ್ದಾಳೆ. ಅವಳನ್ನು ಮದುವೆ ಮಾಡಿ ಕೊಟ್ಟದ್ದೂ ಅದೇ ಮೊಗಲಾಯಿಗೆ. ನೀವು ರಜಾಕಾರರಿಗೆ ಅಂಜಿ ಬಂದಿರಿ. ಅವಳು ಒಂದು ತಿಂಗಳು ತಡೆದು, ಮಿಲಿಟರಿ ಬಂದು ನಿಜಾಮನ ಆಳಿಕೆ ಮುಗಿದ ಮೇಲೆ, ಅದರ ಸೇಡು ತೀರಿಸಲು ಬಂದವರಿಗೆ ಅಂಜಿ ಬಂದಳು. ನಿನ್ನೆಯವರೆಗೆ ಗುರುತಿನವರಾಗಿದ್ದವರೇ ಅವಳ ಗಂಡನನ್ನು ಮನೆಯ ಮುಂದೆ ಕೊಂದರು. ಎದೆಯ ಕೂಸು ನಜಮಾಳನ್ನು ಕಟ್ಟಿಕೊಂಡು ತವರೂರಾದ ತಿಕೋಟಾಕ್ಕೆ ನಡೆದು ಬಂದಳು.

ತೂಕ ಮಾಡಿಸಲು ಗುರುವಾರಕ್ಕೊಮ್ಮೆ ಧೂಳಪ್ಪನ ಚಕ್ಕಡಿಯಲ್ಲಿ ದವಾಖಾನೆಗೆ ಹೋಗುತ್ತೇನೆ. ಆರು ಗುರುವಾರ ಅವಳ ಮನೆಯಲ್ಲಿ ಕೂತು ಕೇಳಿದೆ. ನೋಟುಬುಕ್ಕಿನಲ್ಲಿ ಬರೆದುಕೊಂಡೆ. ನಿನಗೆ ಹೇಳಲಿಲ್ಲ. ಯಾಕೆ ಗೊತ್ತೇ? ಜನವರಿಯ ಸಭೆಗೆ. ಅರಿವೆ ಅಂಗಡಿಯವನ ಕಡೆಗೆ ತಿರುಗಿ, ‘ನೀವು ಕೇಳಿದ್ದಿರಲ್ಲ’ ಎಂದು ನಾನು ಅವಳ ಕೈ ಹಿಡಿದು ಮುಂದೆ ತರುತ್ತೇನೆ; ಮರುದಿನದ ಪೇಪರಿನಲ್ಲಿ ನಿನ್ನ ಹೆಸರು ‘ಮತ್ತಿತರರು’ ಎಂಬಲ್ಲಿ ಇರುತ್ತದೆ. ದಿನಾ ಮಧ್ಯಾಹ್ನ ಜ್ವರ ಇಳಿದು ಬೆವರು ಬರುವಾಗ ಇದನ್ನೇ ನೆನೆಸಿ ಸುಖಪಡುತ್ತಿದ್ದೆ. ಹೊಟ್ಟೆಕಿಚ್ಚು ಎಂಬುದು ಬೇರೆಯವರಿಗೆ ಬರುವ ರೋಗ ಎಂದು ತಿಳಿದಿದ್ದೆ. ನನ್ನ ಪುಪ್ಪುಸದಲ್ಲಿದ್ದದ್ದಕ್ಕಿಂತ ಮೊದಲೇ ಇದು ಇತ್ತು.

ನಾನು ಒಂದು ಸಾಲು ಬರೆದಿದ್ದರೆ ನಿನ್ನ ಅವ್ವನ ಗಂಡ ಇನ್ನೂ ಗಿರಣಿಯಲ್ಲಿರುತ್ತಿದ್ದ.

ನೋಟುಬುಕ್ಕನ್ನು ಬೇರೆ ಟಪಾಲಿನಲ್ಲಿ ಕಳಿಸಿದ್ದೇನೆ. ನೀನೇ ಉಪಯೋಗಿಸು. ಕಫದಲ್ಲಿ ಈಗ ಏನೂ ಇಲ್ಲವಂತೆ, ಬಸ್ಸಿನಲ್ಲಿ ತಿರುಗಬಹುದು ಅಂದಿದ್ದಾರೆ. ಬಬಲೇಶ್ವರಕ್ಕೆ ಬಂದು ಹುಲಿಗೆವ್ವನ ಕಾಲು ಹಿಡಿಯುತ್ತೇನೆ.

ಮಲಕವ್ವ


ಬಬಲೇಶ್ವರ
೫ ಡಿಸೆಂಬರ್ ೧೯೭೧

ಮಲಕವ್ವಾ,

ನೋಟುಬುಕ್ಕು ಬಂತು. ಎರಡು ಪುಟ ಓದಿ ಮುಚ್ಚಿದೆ. ಇದನ್ನು ನನಗೆ ಕಳಿಸಬಹುದೇ ಎಂದು ಮುಮತಾಜಬಿಯನ್ನು ಕೇಳಿದ್ದೆಯಾ? ನಾನು ನನ್ನ ಅವ್ವನನ್ನು ಕೇಳಲಿಲ್ಲ. ಅದರ ಫಲವನ್ನು ದಿನಾ ಉಣ್ಣುತ್ತಿದ್ದೇನೆ. ತಿರುಗಿ ಕಳಿಸಿದ್ದೇನೆ.

ಯುದ್ಧ ಸುರುವಾಯಿತು. ವಾಚನಾಲಯದಲ್ಲಿ ಈಗ ರೇಡಿಯೋ ಕೇಳಲು ಜನ ಸೇರುತ್ತಾರೆ, ವೇದಿಕೆ ಸದ್ಯ ನಿಂತಿದೆ.

ಬರಬೇಡ. ನೀನು ಕಾಲು ಹಿಡಿದರೆ ಅವ್ವ ಸಮಾಧಾನ ಹೇಳಬೇಕಾಗುತ್ತದೆ, ನಿನಗೆ ಹಗುರಾಗುತ್ತದೆ. ಅವಳಿಗೇನಾಗುತ್ತದೆ? ಇದನ್ನು ಸಿಟ್ಟಿನಿಂದ ಬರೆಯುತ್ತಿಲ್ಲ. ಸಿಟ್ಟೂ ಇದೆ.

ಪರಸವ್ವ


ಹೊನವಾಡ
೨೭ ಡಿಸೆಂಬರ್ ೧೯೭೧

ಪರಸವ್ವಾ,

ನೀನು ಬರಬೇಡ ಅಂದಿದ್ದೆ, ನಾನು ಬಂದೆ. ಗುರುವಾರ ನೀನು ಸಾಲೆಯಿಂದ ಬಂದು ನಮ್ಮನ್ನು ಕಂಡಾಗ ನನ್ನ ಕಡೆಗೆ ನೋಡಲಿಲ್ಲ. ಬಸ್ಸಿಗೆ ಕಳಿಸಲು ಬಂದಾಗಲೂ ಮುಮತಾಜಳ ಕೈ ಹಿಡಿದಿದ್ದೆ. ನೀನು ಬರುವ ಮೊದಲು ಏನಾಯಿತು ಎಂದು ನಿನಗೆ ತಿಳಿಯಬೇಕು.

ನಿನ್ನ ಕಾಗದ ಬಂದ ಮೇಲೆ ನೋಟುಬುಕ್ಕನ್ನು ಮುಮತಾಜಳ ಮುಂದೆ ಇಟ್ಟು ಎಲ್ಲವನ್ನೂ ಹೇಳಿದೆ. ನಾನು ಬಚ್ಚಿಟ್ಟದ್ದನ್ನೂ, ನೀನು ಸಭೆಯಲ್ಲಿ ಹೇಳಬೇಕಾದದ್ದನ್ನೂ, ನಿನ್ನ ಅವ್ವ ಮಾತು ಬಿಟ್ಟದ್ದನ್ನೂ. ಅವಳು ಬೈಯಲಿಲ್ಲ. ಆಮೇಲೆ, ಆ ತಾಯಿಯ ಹತ್ತಿರ ತನ್ನನ್ನು ಕರೆದುಕೊಂಡು ಹೋಗು, ನೀನು ಮಾತ್ರ ಅಲ್ಲಿ ಬಾಯಿ ತೆಗೆಯಬಾರದು ಎಂದಳು. ಡಾಕ್ಟರರಿಗಿಂತ ಗಟ್ಟಿಯಾಗಿ ಹೇಳಿದಳು.

ಹುಲಿಗೆವ್ವ ಬಾಗಿಲಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ನನ್ನನ್ನು ಗುರುತು ಹಿಡಿದಳು. ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ನಾನು ಹೊಸ್ತಿಲ ಹೊರಗೆ ಕೂತೆ. ಮುಮತಾಜ ಅವಳೆದುರು ನೆಲಕ್ಕೆ ಕೂತು, ಹೆಸರನ್ನೂ ಹೇಳದೆ, ಮೊರದಲ್ಲಿನ ಹರಳು ಆರಿಸತೊಡಗಿದಳು. ಅರ್ಧ ಮೊರ ಹಾಗೆಯೇ ಆಯಿತು. ನಾನು ಎರಡು ಸಲ ಮಾತು ನುಂಗಿದೆ.

ಕೊನೆಗೆ ಮುಮತಾಜ ತಲೆ ಎತ್ತದೆ ಅಂದಳು: ‘ನಾನೂ ಹೊಳಿ ಆಚಿಯಾಕಿ ಬೇ. ನನ್ನ ಗಂಡಗ ಹತ್ತು ವರ್ಷ ದಿನಾ ಒಂದು ರೊಟ್ಟಿ ಎತ್ತಿಟ್ಟೇನಿ. ಸತ್ತದ್ದು ಕಣ್ಣಿಲೆ ಕಂಡಿದ್ದೆ. ಆದ್ರೂ ಎತ್ತಿಟ್ಟೆ.’

ನಿನ್ನ ಅವ್ವನ ಕೈ ನಿಂತಿತು. ‘ನೀ ಕಂಡಿ’ ಅಂದಳು. ‘ನಾ ಕಾಣಲಿಲ್ಲ. ಕಂಡಿದ್ರ ಕುಂಕುಮ ಅಳಿಸ್ತಿದ್ದೆ.’

‘ಕಂಡಿಲ್ಲಂದ್ರ ಅಳಿಸಬ್ಯಾಡ’ ಅಂದಳು ಮುಮತಾಜ. ‘ಯಾರು ಏನರ ಅನ್ನಲಿ.’

ಆಗ ಹುಲಿಗೆವ್ವ ಮೊರವನ್ನು ಕೆಳಗಿಟ್ಟಳು. ನನಗೆ ಬೆನ್ನು ಮಾಡಿ ಕೂತು ಆ ದಂಡೆಯ ಮಾತು ಸುರು ಮಾಡಿದಳು. ಒಂದು ತಾಸು ಹೇಳಿದಳು. ಆಕೆ ಹೇಳಿದ್ದನ್ನು ನಾನು ಬರೆಯುವುದಿಲ್ಲ. ಅದು ನನ್ನದಲ್ಲ. ನಡುವೆ ಒಮ್ಮೆ ಇಬ್ಬರೂ ಒಂದೇ ಸಂತೆಯ ಹೆಸರು ಹೇಳಿ ನಕ್ಕರು. ಅಂಥ ನಗೆಯನ್ನು ನಾನು ಕೇಳಿರಲಿಲ್ಲ.

ಆಮೇಲೆ ನೀನು ಬಂದೆ. ‘ಬಿಸಿಲಾಗ ಬಂದಿ, ಉಣ್ಣು ಬಾ’ ಎಂದು ನಿನ್ನ ಅವ್ವ ಅಂದಾಗ ನೀನು ಚೀಲ ಹಿಡಿದುಕೊಂಡೇ ನಿಂತುಬಿಟ್ಟೆ. ಅದು ಎರಡು ತಿಂಗಳ ಮೇಲಿನ ಮೊದಲ ಮಾತು ಎಂದು ನನಗೆ ಗೊತ್ತಿತ್ತು.

ನಾನು ಒಳ್ಳೆಯವಳಾದೆ ಎಂದು ತಿಳಿಯಬೇಡ. ನಿನ್ನ ಅವ್ವ ಮುಮತಾಜಳ ಮೊಣಕಾಲ ಮೇಲೆ ಕೈ ಇಟ್ಟಾಗ ನನಗೆ ಹೊಟ್ಟೆ ಉರಿಯಿತು. ಆರು ಗುರುವಾರ ನನಗೆ ಎಲ್ಲವನ್ನೂ ಹೇಳಿದ ಮುಮತಾಜ ಆ ರೊಟ್ಟಿಯ ಮಾತನ್ನು ಹೇಳಿರಲಿಲ್ಲ. ನನಗೇಕೆ ಹೇಳಲಿಲ್ಲ ಎಂದು ಅಲ್ಲಿಯೂ, ಆ ಹೊಸ್ತಿಲ ಮೇಲೆಯೂ ಅನಿಸಿತು. ಅನಿಸಿದ್ದನ್ನು ಇಟ್ಟುಕೊಂಡು ಸುಮ್ಮನೆ ಕೂತೆ. ನನ್ನಿಂದ ಆದದ್ದು ಅಷ್ಟೇ.

ಬಂಗಾಲದವರು ತಿರುಗಿ ತಮ್ಮ ಊರಿಗೆ ಹೋಗುವ ದಿನ ಬಂದಿತಲ್ಲ, ಜನವರಿ ಹದಿನಾರನೆಯ ತಾರೀಖಿಗೆ ವೇದಿಕೆಯ ಕೊನೆಯ ಸಭೆ ಎಂದು ಶಂಕರೆಪ್ಪ ಮಾಸ್ತರರು ಬರೆದಿದ್ದಾರೆ. ನಾನು ಮಾತನಾಡಬೇಕಂತೆ. ಆಗುವುದಿಲ್ಲ ಎಂದು ಬರೆದೆ. ಜನವರಿಗೆ ಸಾಲೆಗೆ ಹಾಜರಾಗಬಹುದು. ನಿನಗೆ ನನ್ನ ಸಂಗಡ ಒಂದೇ ಸಾಲೆಯಲ್ಲಿ ಇರುವುದು ಬೇಡವಾದರೆ ತಿಕೋಟಾಕ್ಕೆ ವರ್ಗ ಕೇಳಿಕೊಳ್ಳುತ್ತೇನೆ. ಒಂದು ಸಾಲು ಬರೆ.

ಮಲಕವ್ವ


ಬಬಲೇಶ್ವರ
೬ ಜನವರಿ ೧೯೭೨

ಮಲಕವ್ವಾ,

ವರ್ಗ ಕೇಳಬೇಡ. ಮೂವತ್ತೆಂಟು ಹುಡುಗಿಯರನ್ನು ಇನ್ನು ನನ್ನಿಂದ ಹಿಡಿಯಲಾಗದು.

ನೀವು ಹೋದ ಮೇಲೆ ಅವ್ವ ಮಾತನಾಡುತ್ತಿದ್ದಾಳೆ. ಉಪ್ಪು ತೀರಿತು, ಬಸ್ಸು ತಡವಾಯಿತೇ, ಇಷ್ಟೇ. ಹೊಳೆಯ ಮಾತಿಲ್ಲ. ಕುಂಕುಮ ಇಡುತ್ತಾಳೆ. ಬಳೆ ನೋಡುತ್ತಿದ್ದ ಹೆಂಗಸು ಮತ್ತೆ ಬಂದಿದ್ದಳು. ‘ನನ್ನ ಗಂಡ ಹೊಳಿ ಆಚಿ ಉಳದಾನ’ ಎಂದು ಅವ್ವ ತಾನಾಗಿ ಹೇಳಿ ಒಳಗೆ ಹೋದಳು. ಗಿರಣಿ ಅನ್ನಲಿಲ್ಲ.

ಒಂದು ಮಾತು ಹೇಳುತ್ತೇನೆ, ಯಾರಿಗೂ ಹೇಳಿಲ್ಲ. ಇಪ್ಪತ್ತಮೂರು ವರ್ಷ ಅವಳ ಪಕ್ಕದಲ್ಲಿ ಒಂದೇ ಕೌದಿಯಲ್ಲಿ ಮಲಗಿದವಳು ನಾನು. ಅಪ್ಪನ ಬಗ್ಗೆ ಐದು ವರ್ಷದ ಹುಡುಗಿ ಕಂಡಷ್ಟೇ ನನಗೆ ಗೊತ್ತು. ಕೇಳಿದಾಗೆಲ್ಲ ಅವಳು ಎದ್ದು ಹೋಗುತ್ತಿದ್ದಳು. ನನಗೆ ಹೇಳದ್ದನ್ನು ಒಂದು ಮೊರ ಜೋಳದ ಪರಿಚಯದವಳಿಗೆ ಹೇಳಿದಳು. ಅದನ್ನು ನೀನು ಹೊರಗೆ ಕೂತು ಕೇಳಿದೆ, ನೀನು! ಮೂರು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಿನ್ನ ಕಾಗದಗಳನ್ನು ಪೆಟ್ಟಿಗೆಯಿಂದ ತೆಗೆದು ಮತ್ತೆ ಓದಿದೆ. ನೂರಾಒಂದು ಡಿಗ್ರಿ ಜ್ವರದಲ್ಲಿ ಬರೆದ ಸಾಲು ಎಂದಿದ್ದೆಯಲ್ಲ, ಅಲ್ಲಿ ಮೊದಲು ನನಗೆ ನಗು ಬಂದಿತ್ತು. ಈ ಸಲ ಬರಲಿಲ್ಲ.

ನಿನ್ನನ್ನು ಕ್ಷಮಿಸಿದೆ ಎಂದು ಬರೆಯಲು ಕೂತಿಲ್ಲ. ಅದು ಆದಾಗ ಆಗುತ್ತದೆ. ಆಗದೆಯೂ ಇರಬಹುದು.

ಹದಿನಾರಕ್ಕೆ ಅವ್ವ ವಿಜಾಪುರಕ್ಕೆ ಬರುತ್ತಾಳಂತೆ. ಮುಮತಾಜಬಿ ಬಂದರೆ ಮಾತ್ರ. ಮಾತನಾಡುತ್ತಾಳೋ, ಸುಮ್ಮನೆ ಕೂತು ಎದ್ದು ಬರುತ್ತಾಳೋ ಹೇಳಿಲ್ಲ, ನಾನೂ ಕೇಳಿಲ್ಲ. ಪೇಪರಿನವರನ್ನು ಕರೆಯಬೇಡಿರಿ ಎಂದು ಮಾಸ್ತರರಿಗೆ ತಿಳಿಸಿದ್ದೇನೆ. ನೀನು ಮುಮತಾಜಬಿಯನ್ನು ಕರೆದುಕೊಂಡು ಬಾ. ಅವರಿಬ್ಬರೂ ಮುಂದೆ ಕೂಡಲಿ. ನಾವಿಬ್ಬರೂ ಹಿಂದೆ, ಕಿಟಕಿಯ ಹತ್ತಿರ ಕೂಡೋಣ.

ಅಲ್ಲಿ ನಾನು ನಿನ್ನನ್ನು ಕೇಳುತ್ತೇನೆ, ಆ ದಿನ ಅವ್ವ ಏನು ಹೇಳಿದಳು ಎಂದು. ಒಂದು ಸಲವಲ್ಲ, ಮೇಲಿಂದ ಮೇಲೆ ಕೇಳುತ್ತೇನೆ. ಜಗಳ ತೆಗೆಯುತ್ತೇನೆ, ಅಳಲೂಬಹುದು.

ಹೇಳಬೇಡ.

ಪರಸವ್ವ